ವೇಗಕ್ಕೆ ಬಿಗಿಯಾಗುವ ಸ್ಟೀರಿಂಗ್

ಅಂಬಾಸಿಡರ್ ಕಾರಿನ ಸ್ಟೀರಿಂಗ್ ತಿರುಗಿಸಿಯೇ ತೋಳು ಗಟ್ಟಿ ಮಾಡಿಕೊಂಡವನು ನಾನು. ಹಾಗಾಗಿ ಪಾಲಿಟೆಕ್ನಿಕ್‌ನಲ್ಲಿ ಪವರ್ ಸ್ಟೀರಿಂಗ್ ಪಾಠ ಹೇಳುವಾಗ ಸ್ವಲ್ಪ ಹೊಟ್ಟೆಕಿಚ್ಚೂ ಬೆರೆಯುತ್ತಿತ್ತು.

ಅಮೆರಿಕದ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ತನ್ನ ಪಿಯರ್ಸ್-ಆ್ಯರೋ ಕಾರಿಗೆ ಅದನ್ನು ಕೂಡಿಸಿ ಓಡಿಸಿ ತೋರಿಸಿದ್ದ. ಅಂಗಡಿಗೆ ಬಂದದ್ದು ಮಾತ್ರ 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಜೊತೆ. ಕಾರು ನಿಲ್ಲಿಸುವಾಗ ಒಂದು ಬೆರಳು ಸಾಕು ಅನ್ನುವ ಸುಖ. ಹೆದ್ದಾರಿಯಲ್ಲೂ ಅದೇ ಒಂದು ಬೆರಳು ಸಾಕು ಅನ್ನುವುದೇ ತೊಂದರೆ: ಕೈ ಅದುರಿದರೆ ಕಾರು ಪಕ್ಕದ ಸಾಲಿಗೆ ಹೋದಂತೆ. ಮೇಲಾಗಿ ಕೈಗೆ ಸಹಾಯ ಮಾಡುವುದು ಎಣ್ಣೆಯ ಒತ್ತಡ, ಆ ಎಣ್ಣೆ ನೂಕುವ ಪಂಪನ್ನು ತಿರುಗಿಸುವುದು ಎಂಜಿನ್. ಸಹಾಯ ಬೇಕಾದ ಪಾರ್ಕಿಂಗ್‌ನಲ್ಲಿ ಅದು ನಿಧಾನ, ಬೇಡವಾದ ಓಟದಲ್ಲಿ ಜೋರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಹೆಚ್ಚಾದ ಎಣ್ಣೆಯನ್ನು ವಾಲ್ವ್ ಇಟ್ಟು ಹಿಂದಕ್ಕೆ ಕಳಿಸಿದರು, ಅಷ್ಟೇ.

ಹೆದ್ದಾರಿಯ ಆ ತೊಂದರೆಗೆ ಧೈರ್ಯದ ಉತ್ತರ ಕೊಟ್ಟದ್ದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿ. 1970ರ ಜಿನೀವಾ ಪ್ರದರ್ಶನದಲ್ಲಿ ಬಂದ ಎಸ್‌ಎಂ ಕಾರಿನ, ದಿರಾವಿ ಎಂಬ ಹೆಸರಿನ ಸ್ಟೀರಿಂಗ್ ಈ ಕಡೆಯ ಕೊನೆಯಿಂದ ಆ ಕಡೆಯ ಕೊನೆಗೆ ಎರಡೇ ಸುತ್ತು! ಅಷ್ಟು ಚುರುಕಾದದ್ದನ್ನು ಹಗುರಾಗಿ ಬಿಟ್ಟರೆ ವೇಗದಲ್ಲಿ ಸಾವೇ. ಅದಕ್ಕೇ ಸ್ಟೀರಿಂಗ್ ಕಂಬಕ್ಕೆ ಹೃದಯದಾಕಾರದ ಕ್ಯಾಮ್ ಜೋಡಿಸಿದರು. ಬೋರ್ಡಿನ ಮೇಲೆ ಅದನ್ನು ಬರೆದಾಗಲೆಲ್ಲ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು. ನಗಲಿ, ಕ್ಯಾಮ್ ಮರೆಯುವುದಿಲ್ಲ. ಹೃದಯದ ತಗ್ಗಿನಲ್ಲಿ ಒಂದು ರೋಲರ್ ಕೂತರೆ ಚಕ್ರಗಳು ನೇರ. ರೋಲರನ್ನು ಎಣ್ಣೆಯ ಒತ್ತಡ ಅದುಮುತ್ತದೆ. ಗೇರ್‌ಬಾಕ್ಸ್‌ನಿಂದ ತಿರುಗುವ ಗವರ್ನರ್, ಕಾರಿನ ವೇಗ ಏರಿದಂತೆ ಆ ಒತ್ತಡವನ್ನೂ ಏರಿಸುತ್ತದೆ. ತಗ್ಗಿನಿಂದ ರೋಲರನ್ನು ಎಬ್ಬಿಸಲು ಚಾಲಕನ ಕೈ ಹೆಚ್ಚು ದುಡಿಯಬೇಕು. ಕೈ ಬಿಟ್ಟರೆ ನಿಂತ ಕಾರಿನಲ್ಲೂ, ಎಂಜಿನ್ ಓಡುತ್ತಿದ್ದರೆ, ಸ್ಟೀರಿಂಗ್ ತಾನೇ ನೇರಕ್ಕೆ ಬರುತ್ತದೆ.

ಆ ಬಿಗಿ ರಸ್ತೆಯಿಂದ ಬಂದದ್ದಲ್ಲ, ತಯಾರಿಸಿದ್ದು. ಗುಂಡಿಯ ಏಟು ಅಂಗೈಗೆ ತಲುಪುವುದಿಲ್ಲ. ಇದನ್ನು ದೂರಿದವರು ಬಹಳ. ನನಗಂತೂ ಅದೇ ಅದರ ಜಾಣತನ. ಎಸ್‌ಎಂ 1975ಕ್ಕೆ ನಿಂತಿತು, ದಿರಾವಿ ಅದೇ ಕಂಪನಿಯ ಸಿಎಕ್ಸ್ ಕಾರಿಗೆ ದಾಟಿತು.

1988ರಲ್ಲಿ ಜಪಾನಿನ ಪುಟ್ಟ ಸುಜುಕಿ ಸರ್ವೋ ಎಣ್ಣೆಯನ್ನೇ ಬಿಟ್ಟು ವಿದ್ಯುತ್ ಮೋಟಾರ್ ಹಿಡಿಯಿತು. ಇಂದಿನ ಬಹುತೇಕ ಕಾರುಗಳಲ್ಲಿ ಕೈ ತಿರುಚುವ ಬಲವನ್ನು ಒಂದು ಸೆನ್ಸರ್ ಅಳೆಯುತ್ತದೆ, ವೇಗವನ್ನು ಇನ್ನೊಂದು. ಮೋಟಾರಿಗೆ ಎಷ್ಟು ಕರೆಂಟು ಕೊಡಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಬಿಗಿಯೂ ತಯಾರಿಸಿದ್ದೇ. ಈಗ ಯಾರೂ ದೂರುವುದು ಕಾಣೆ.