ಬಿಸಿಯಾದ ಫೋನನ್ನು ಫ್ರೀಜರ್‌ನಲ್ಲಿ ಇಡಬಹುದೆ? ಮಹಡಿ ಚಿಪ್‌ಗಳ ಒಳಗುಟ್ಟು

ಬೇಸಿಗೆ ಬಂದರೆ ಸಾಕು, ಗ್ರೂಪ್‌ಗಳಲ್ಲಿ ಒಂದು ಸಲಹೆ ಓಡಾಡುತ್ತದೆ: ‘ಫೋನ್ ಬಿಸಿಯಾದರೆ ಐದು ನಿಮಿಷ ಫ್ರೀಜರ್‌ನಲ್ಲಿಡಿ’. ಜೊತೆಗೆ ‘ಹೊಸ 3ಡಿ ಚಿಪ್ ಬಿಸಿಯೇ ಆಗುವುದಿಲ್ಲ’ ಎಂಬ ಮಾತೂ ಇದೆ. ಎರಡೂ ತಪ್ಪು. ಯಾಕೆ ಎಂದು ನೋಡೋಣ.

3ಡಿ ಚಿಪ್ ಎಂದರೇನು?

ವೈಟ್‌ಫೀಲ್ಡ್‌ನಲ್ಲಿ ಸೈಟು ಸಾಲದಿದ್ದರೆ ಮೇಲಕ್ಕೆ ಮಹಡಿ ಕಟ್ಟುತ್ತಾರೆ. ಚಿಪ್‌ನಲ್ಲೂ ಹಾಗೆಯೇ. ಅಕ್ಕಪಕ್ಕ ಇಡುತ್ತಿದ್ದ ಸಿಲಿಕಾನ್ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಮಾಹಿತಿ ಓಡಾಡುವ ದೂರ ಕಡಿಮೆಯಾಗಿ ವೇಗ ಹೆಚ್ಚುತ್ತದೆ, ಕರೆಂಟೂ ಉಳಿಯುತ್ತದೆ. ಹಲವು ಸ್ಮಾರ್ಟ್‌ಫೋನ್‌ಗಳಲ್ಲಿ ಪ್ರೊಸೆಸರ್‌ನ ತಲೆಯ ಮೇಲೆಯೇ ರ್‍ಯಾಮ್ ಕೂತಿರುತ್ತದೆ. ಫೋಟೊ ಉಳಿಸುವ ಸ್ಟೋರೇಜ್ ಚಿಪ್‌ಗಳಲ್ಲಿ ಈಗ 200ಕ್ಕೂ ಹೆಚ್ಚು ಪದರಗಳಿರುವುದುಂಟು.

ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ?

ಎಎಂಡಿ ಕಂಪನಿ 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ‘ಟೆಕ್ನೋಸ್ಟಾರ್’ ಎಂಬ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ತೆರೆಯಿತು. ಅಲ್ಲಿನ ಕೆಲಸದ ಪಟ್ಟಿಯಲ್ಲಿ 3ಡಿ ಸ್ಟ್ಯಾಕಿಂಗ್ ಕೂಡ ಇದೆ. ಚಿಪ್ ತಯಾರಿಕೆಯ ಯಂತ್ರಗಳನ್ನು ರೂಪಿಸುವ ಅಪ್ಲೈಡ್ ಮಟೀರಿಯಲ್ಸ್ ವೈಟ್‌ಫೀಲ್ಡ್‌ನಲ್ಲಿದೆ. ಆದರೆ ಇಲ್ಲಿ ನಡೆಯುವುದು ವಿನ್ಯಾಸ ಮತ್ತು ಸಂಶೋಧನೆ. ‘ನಮ್ಮ ಫೋನಿನ ಚಿಪ್ ವೈಟ್‌ಫೀಲ್ಡ್‌ನಲ್ಲೇ ತಯಾರಾಗುತ್ತದೆ’ ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ.

ತೊಂದರೆ 1: ಸೆಖೆ

ನಡು ಮಹಡಿಯ ಕಿಟಕಿಗಳನ್ನೆಲ್ಲ ಮುಚ್ಚಿದರೆ ಹೇಗಿರುತ್ತದೆ? ಪೇರಿಸಿದ ಚಿಪ್‌ನ ಒಳಗೂ ಅದೇ ಪಾಡು. ತಾಮ್ರ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಸಿಲಿಕಾನ್ ಕೂಡ ಪರವಾಗಿಲ್ಲ. ಆದರೆ ಪದರಗಳ ನಡುವೆ ಕರೆಂಟು ಸೋರದಂತೆ ತಡೆಯುವ ಸಿಲಿಕಾನ್ ಡೈಆಕ್ಸೈಡ್, ಸಿಲಿಕಾನ್‌ಗಿಂತ ಸುಮಾರು 100 ಪಟ್ಟು ಕಡಿಮೆ ಶಾಖ ಸಾಗಿಸುತ್ತದೆ. ಪದರ ಹೆಚ್ಚಿದಷ್ಟೂ ಕಂಬಳಿ ಹೊದಿಸಿದಂತೆ.

ತೊಂದರೆ 2: ಹಿಗ್ಗುವ ಲೆಕ್ಕ

ಪೀಣ್ಯದ ವರ್ಕ್‌ಶಾಪಿನವರಿಗೆ ಇದು ಗೊತ್ತಿರುವ ವಿಷಯ. ಬೇರಿಂಗ್ ಬಿಸಿ ಮಾಡಿದರೆ ಹಿಗ್ಗುತ್ತದೆ, ಶಾಫ್ಟ್‌ಗೆ ಸುಲಭವಾಗಿ ಕೂರುತ್ತದೆ, ತಣಿದ ಮೇಲೆ ಬಿಗಿ ಹಿಡಿಯುತ್ತದೆ. ಚಿಪ್‌ನಲ್ಲಿ ಇದೇ ಗುಣ ಕಾಟ ಕೊಡುತ್ತದೆ. 1 ಮೀಟರ್ ಉದ್ದದ ತಾಮ್ರ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಸುಮಾರು 1.7 ಮಿಲಿಮೀಟರ್ ಹಿಗ್ಗುತ್ತದೆ, ಸಿಲಿಕಾನ್ 0.26 ಮಿಲಿಮೀಟರ್ ಮಾತ್ರ. ಮಹಡಿಗಳನ್ನು ಜೋಡಿಸುವುದು ಸಿಲಿಕಾನ್ ಕೊರೆದು ತುಂಬಿದ ತಾಮ್ರದ ಕಂಬಗಳು. ಒಂದು ಹೆಚ್ಚು ಹಿಗ್ಗಿ ಇನ್ನೊಂದು ಹಿಗ್ಗದಿದ್ದರೆ ಎಳೆದಾಟ ಶುರುವಾಗುತ್ತದೆ. ದಿನವೂ ಬಿಸಿ-ತಂಪು ಆಗುತ್ತಿದ್ದರೆ ಬಿರುಕು ಬಿಡಬಹುದು, ಬೆಸುಗೆ ಸಡಿಲವಾಗಬಹುದು.

ತೊಂದರೆ 3: ಹಪ್ಪಳದಂಥ ಬಿಲ್ಲೆ

ಪೇರಿಸುವ ಮುನ್ನ ಮುಕ್ಕಾಲು ಮಿಲಿಮೀಟರ್ ದಪ್ಪದ ಸಿಲಿಕಾನನ್ನು ಉಜ್ಜಿ, ತಲೆಕೂದಲಿಗಿಂತ ತೆಳುವಾಗಿಸುವುದೂ ಉಂಟು. ಆಗ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಸೊಟ್ಟಗಾದರೆ ಸಾವಿರಾರು ಕಂಬಗಳು ಸರಿಯಾಗಿ ಕೂರುವುದಿಲ್ಲ.

ಪರಿಹಾರ ಇದೆಯೆ?

2022ರಲ್ಲಿ ಬಂದ ಎಎಂಡಿಯ ರೈಜೆನ್ 7 5800ಎಕ್ಸ್3ಡಿ ಚಿಪ್‌ನಲ್ಲಿ 64 ಎಂಬಿ ಮೆಮೊರಿಯನ್ನು ಪ್ರೊಸೆಸರ್ ಬಿಲ್ಲೆಯ ಮೇಲೆ ಕೂರಿಸಿದ್ದರು. ಗೇಮ್‌ಗಳು ವೇಗವಾದವು. ಆದರೆ ಗರಿಷ್ಠ ಗಡಿಯಾರ ವೇಗವನ್ನು 4.7ರಿಂದ 4.5 ಗಿಗಾಹರ್ಟ್ಸ್‌ಗೆ ಇಳಿಸಬೇಕಾಯಿತು. 2024ರ 9800ಎಕ್ಸ್3ಡಿಯಲ್ಲಿ ಮಹಡಿ ಅದಲುಬದಲಾಯಿತು: ಮೆಮೊರಿ ಕೆಳಗೆ, ಹೆಚ್ಚು ಬಿಸಿಯಾಗುವ ಪ್ರೊಸೆಸರ್ ಮೇಲೆ, ಕೂಲರ್‌ಗೆ ಹತ್ತಿರ. ವೇಗ 5.2ಕ್ಕೆ ಏರಿತು.

ಹಾಗಾದರೆ ಫ್ರೀಜರ್?

ಒಮ್ಮೆ ಇಟ್ಟ ಮಾತ್ರಕ್ಕೆ ಚಿಪ್ ಸೀಳುವುದಿಲ್ಲ. ಬಿಸಿ-ತಂಪಿನ ಪರೀಕ್ಷೆ ಮಾಡಿಯೇ ಮಾರುತ್ತಾರೆ. ಮೊದಲ ಅಪಾಯ ನೀರು. ತಣ್ಣಗಾದ ಫೋನ್ ಹೊರಗೆ ಬಂದ ಕೂಡಲೇ ಗಾಳಿಯ ತೇವ ಒಳಗೂ ಹನಿಗಟ್ಟಬಹುದು. ಎರಡನೆಯದು ಬ್ಯಾಟರಿ. ಆ್ಯಪಲ್ ತನ್ನ ಐಫೋನ್ ಬಳಕೆಗೆ ಹೇಳುವುದು 0ರಿಂದ 35 ಡಿಗ್ರಿ. ಫ್ರೀಜರ್ ಇರುವುದು ಮೈನಸ್ 18ರ ಆಸುಪಾಸಿನಲ್ಲಿ.

ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ದಿನವಿಡೀ ಬಿಸಿಲಲ್ಲಿ ಡೆಲಿವರಿ ಮಾಡುವವರಿಗೆ ಫೋನ್ ಕೆಟ್ಟರೆ ಅಂದಿನ ದುಡಿಮೆಯೇ ಹೋಯಿತು. ಅಂಥವರಿಗೆ ಕಳಿಸಬೇಕಾದ ಸಲಹೆ ಇದು: ನೆರಳಿಗೆ ಬನ್ನಿ, ಚಾರ್ಜರ್ ತೆಗೆಯಿರಿ, ಕವರ್ ಬಿಚ್ಚಿ, ಬೇಡದ ಆ್ಯಪ್ ಮುಚ್ಚಿ, ಫ್ಯಾನ್ ಗಾಳಿಗೆ ಇಡಿ. ಬ್ಯಾಟರಿ ಉಬ್ಬಿದ್ದರೆ ಫೋನ್ ಬಳಸದೆ ಸರ್ವಿಸ್ ಸೆಂಟರ್‌ಗೆ ಕೊಡಿ.