ಗಳಗಂಡದ ಚರಿತ್ರೆ: ಕೊರಳಿನ ಗ್ರಂಥಿಯಿಂದ ಉಪ್ಪಿನ ಪೊಟ್ಟಣದವರೆಗೆ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ನದಿ ಸಂಪಾಜೆ, ಅರಂತೋಡು, ಸುಳ್ಯಗಳ ಕಡೆಯಿಂದ ಹರಿದು, ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಅರಂತೋಡಿನಂಥ ಊರುಗಳಿಗೆ ಕಡಲೇನೂ ಬಹಳ ದೂರವಲ್ಲ. ಕಡಲ ಮೀನು ಇಲ್ಲಿನವರಿಗೆ ಹೊಸದಲ್ಲ. ಹೀಗಿದ್ದೂ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಜೊತೆಗೆ ದಕ್ಷಿಣ ಕನ್ನಡವೂ ಗಳಗಂಡ ಪೀಡಿತ ಜಿಲ್ಲೆಗಳ ಪಟ್ಟಿಗೆ ಸೇರಿತು. ಇದೇಕೆ? ಉತ್ತರ ತಿಳಿಯಲು ಒಂದು ಗ್ರಂಥಿಯ, ಒಂದು ಮೂಲವಸ್ತುವಿನ ಮತ್ತು ನಾವು ದಿನವೂ ತಿನ್ನುವ ಉಪ್ಪಿನ ಚರಿತ್ರೆಯನ್ನು ನೋಡಬೇಕು.

ನೇರಳೆ ಆವಿ

ಕೊರಳಿನ ಮುಂಭಾಗ ಊದಿಕೊಳ್ಳುವ ಗಳಗಂಡವನ್ನು ಸುಶ್ರುತ ಸಂಹಿತೆ ವರ್ಣಿಸಿದೆ. ಪ್ರಾಚೀನ ಚೀನಾದಲ್ಲಿ ಇದಕ್ಕೆ ಕಡಲಕಳೆಯನ್ನು ಮದ್ದಾಗಿ ಕೊಡುತ್ತಿದ್ದರು. ಅದು ಏಕೆ ಗುಣ ಮಾಡುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಕಡಲಕಳೆಯ ಬೂದಿಗೆ ಗಂಧಕಾಮ್ಲ ಬೆರೆಸಿದಾಗ ನೇರಳೆ ಬಣ್ಣದ ಆವಿ ಎದ್ದಿತು. ಹೀಗೆ ಪತ್ತೆಯಾದ ಮೂಲವಸ್ತುವೇ ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೆ ಇದನ್ನೇ ಗಳಗಂಡದ ರೋಗಿಗಳಿಗೆ ಕೊಟ್ಟು ಊತ ಇಳಿಸಿದರು. ಆದರೆ ಆ ಕಾಲದಲ್ಲಿ ಕೊಡುತ್ತಿದ್ದ ಪ್ರಮಾಣ ಹೆಚ್ಚಾಗಿ ಕೆಲವರಿಗೆ ತೊಂದರೆಯಾದ್ದರಿಂದ ಈ ಚಿಕಿತ್ಸೆ ಹಿಂದೆ ಸರಿಯಿತು.

ಊದುವ ಗ್ರಂಥಿ ಥೈರಾಯಿಡ್. ಇದು ನಿರ್ನಾಳ ಗ್ರಂಥಿ. ಅಂದರೆ ತನ್ನ ಸ್ರಾವವನ್ನು ನಾಳದ ಮೂಲಕವಲ್ಲದೆ ನೇರವಾಗಿ ರಕ್ತಕ್ಕೆ ಬಿಡುತ್ತದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ, ಥೈರಾಯಿಡ್ ಕುಂದಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯಿಡಿನ ಸಾರವನ್ನು ಚುಚ್ಚಿ ಚೇತರಿಕೆ ತಂದರು. 1890ರ ದಶಕದಲ್ಲೇ ಜರ್ಮನಿಯ ಬೌಮನ್ ಈ ಗ್ರಂಥಿಯಲ್ಲಿ ಅಯೋಡಿನ್ ಇರುವುದನ್ನು ತೋರಿಸಿದರು. ರಕ್ತದ ಮೂಲಕ ಸಾಗಿ ದೂರದ ಅಂಗಗಳನ್ನು ಪ್ರಚೋದಿಸುವ ಇಂಥ ರಾಸಾಯನಿಕಗಳಿಗೆ 1905ರಲ್ಲಿ ಸ್ಟಾರ್ಲಿಂಗ್ 'ಹಾರ್ಮೋನು' ಎಂಬ ಹೆಸರನ್ನು ಬಳಕೆಗೆ ತಂದರು. 1914ರ ಕ್ರಿಸ್ಮಸ್ ದಿನ ಅಮೆರಿಕದ ಕೆಂಡಾಲ್ ಥೈರಾಯಿಡಿನ ಹಾರ್ಮೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ಥೈರಾಕ್ಸಿನ್. ಇದರ ಪ್ರತಿ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ.

ಗ್ರಂಥಿ ಊದುವುದೇಕೆ?

ರಕ್ತದಲ್ಲಿ ಥೈರಾಕ್ಸಿನ್ ಎಷ್ಟಿದೆ ಎಂಬುದರ ಮೇಲೆ ಮಿದುಳಿನ ಹೈಪೊಥಲಮಸ್ ಮತ್ತು ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿ ಕಣ್ಣಿಟ್ಟಿರುತ್ತವೆ. ಥೈರಾಕ್ಸಿನ್ ಕಡಿಮೆಯಾದರೆ ಪಿಟ್ಯುಟರಿಯು ಥೈರಾಯಿಡನ್ನು ಚೋದಿಸುವ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ; ಸಾಕಷ್ಟಾದರೆ ಕಡಿಮೆ ಮಾಡುತ್ತದೆ. ಆದರೆ ಆಹಾರದಲ್ಲಿ ಅಯೋಡಿನ್ನೇ ಇಲ್ಲದಿದ್ದರೆ ಥೈರಾಯಿಡ್ ಏನು ಮಾಡೀತು? ಆದೇಶ ಬರುತ್ತಲೇ ಇರುತ್ತದೆ, ಕಚ್ಚಾವಸ್ತು ಬರುವುದಿಲ್ಲ. ಗ್ರಂಥಿಯ ಕೋಶಗಳು ಬೆಳೆದು ಹೆಚ್ಚುತ್ತವೆ, ಕೊರಳು ಊದುತ್ತದೆ. (ಗಳಗಂಡಕ್ಕೆ ಬೇರೆ ಕಾರಣಗಳೂ ಉಂಟು, ಇದು ಅತಿ ವ್ಯಾಪಕವಾದುದು.)

ಕೊರಳಿನ ಊತ ಕಣ್ಣಿಗೆ ಕಾಣುತ್ತದೆ. ಕಾಣದಿರುವ ಹಾನಿ ಇನ್ನೂ ದೊಡ್ಡದು. ಗರ್ಭದ ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಥೈರಾಕ್ಸಿನ್ನನ್ನೇ ನೆಚ್ಚಿಕೊಂಡಿರುತ್ತದೆ. ಆಗ ತೀವ್ರ ಕೊರತೆಯಾದರೆ ಮಿದುಳಿನ ಬೆಳವಣಿಗೆ ಕುಂಠಿತವಾಗಿ, ಮಗು ಬುದ್ಧಿಮಾಂದ್ಯ, ಕಿವುಡುತನಗಳೊಂದಿಗೆ ಹುಟ್ಟಬಹುದು. ಇದನ್ನು ಆಮೇಲೆ ಸರಿಪಡಿಸಲಾಗದು.

ತೊಳೆದುಹೋದ ಮಣ್ಣು

ಈಗ ಪಯಸ್ವಿನಿಯ ದಡಕ್ಕೆ ಮರಳೋಣ. ಪಶ್ಚಿಮ ಘಟ್ಟದ ಈ ಬುಡದಲ್ಲಿ ವರ್ಷದ ಮಳೆ ಸಾಮಾನ್ಯವಾಗಿ 3,500 ಮಿ.ಮೀ. ದಾಟುತ್ತದೆ. ಮಳೆನೀರು ಇಳಿಜಾರಿನ ಮಣ್ಣಿನಲ್ಲಿರುವ ಅಯೋಡಿನ್ ಲವಣಗಳನ್ನು ಕರಗಿಸಿ ಹೊಳೆಗೆ, ಹೊಳೆ ಅದನ್ನು ಕಡಲಿಗೆ ಒಯ್ಯುತ್ತದೆ. ಕಡಲಿನಿಂದ ಗಾಳಿ, ಮಳೆಗಳ ಮೂಲಕ ಮರಳಿ ಬರುವ ಅಯೋಡಿನ್ ಇಂಥ ನಷ್ಟವನ್ನು ತುಂಬಲಾರದು. ಅಂಥ ಮಣ್ಣಿನಲ್ಲಿ ಬೆಳೆದ ಅಕ್ಕಿ, ತರಕಾರಿಯಲ್ಲಿ, ಅಲ್ಲಿ ಮೇಯುವ ದನದ ಹಾಲಿನಲ್ಲಿ ಅಯೋಡಿನ್ ಕಡಿಮೆ. ಕಡಲ ಮೀನಿನಲ್ಲಿ ಅಯೋಡಿನ್ ಇದೆ, ನಿಜ. ಆದರೆ ಎಲ್ಲರೂ ಮೀನು ತಿನ್ನುವುದಿಲ್ಲ, ತಿನ್ನುವವರಿಗೂ ದಿನವೂ ಸಿಗುವುದಿಲ್ಲ.

ಉಪ್ಪೇ ಏಕೆ?

ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ 250. ಎಪ್ಪತ್ತು ವರ್ಷಗಳ ಆಯುಷ್ಯಕ್ಕೆ ಲೆಕ್ಕ ಹಾಕಿದರೂ ನಾಲ್ಕು ಗ್ರಾಮಿಗಿಂತ ಕಡಿಮೆ! ಆದರೆ ಅದು ನಿತ್ಯವೂ ಸಿಗಬೇಕು. ಬಡವ ಬಲ್ಲಿದನೆನ್ನದೆ ಎಲ್ಲರೂ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುವ, ಕೊಂಡೇ ತರಬೇಕಾದ ವಸ್ತು ಉಪ್ಪು. ಅದರ ಮಹತ್ವ ಸುಳ್ಯದವರಿಗೆ ಹೊಸದೇನಲ್ಲ. 1837ರಲ್ಲಿ ಇಲ್ಲಿಂದ ಹೊರಟು ಮಂಗಳೂರು ತಲುಪಿದ ರೈತ ಬಂಡಾಯಕ್ಕೆ ನಗದು ಕಂದಾಯದ ಜೊತೆಗೆ ಉಪ್ಪು, ಹೊಗೆಸೊಪ್ಪುಗಳ ಮೇಲಿನ ಕಂಪನಿ ಸರ್ಕಾರದ ಏಕಸ್ವಾಮ್ಯವೂ ಕಾರಣವಾಗಿತ್ತು.

ಅಮೆರಿಕದ ಏಕ್ರನ್ ಪಟ್ಟಣದಲ್ಲಿ 1917ರಿಂದ ಡೇವಿಡ್ ಮರೀನ್ ಮತ್ತು ಕಿಂಬಾಲ್ ಶಾಲಾ ಬಾಲಕಿಯರಿಗೆ ಅಯೋಡಿನ್ ಕೊಟ್ಟು ಗಳಗಂಡವನ್ನು ತಡೆಯಬಹುದೆಂದು ತೋರಿಸಿದರು. 1922ರಲ್ಲಿ ಸ್ವಿಟ್ಜರ್ಲೆಂಡ್ ಅಯೋಡಿನ್ ಬೆರೆಸಿದ ಉಪ್ಪನ್ನು ಜಾರಿಗೆ ತಂದಿತು. ನಮ್ಮಲ್ಲಿ 1956ರಿಂದ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ಕಾಂಗ್ಡಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್‌ಯುಕ್ತ ಉಪ್ಪನ್ನೂ ಒಂದಕ್ಕೆ ಸಾಮಾನ್ಯ ಉಪ್ಪನ್ನೂ ಒದಗಿಸಿದರು. ಅಯೋಡಿನ್ ಸಿಕ್ಕ ವಲಯಗಳಲ್ಲಿ ಗಳಗಂಡ ಸ್ಪಷ್ಟವಾಗಿ ಇಳಿಯಿತು. ಬಳಿಕ ಮೂರನೆಯ ವಲಯಕ್ಕೂ ಅದೇ ಉಪ್ಪು ಕೊಟ್ಟಾಗ ಅಲ್ಲೂ ಇಳಿಯಿತು.

ಇದರ ಫಲವಾಗಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಗಳಗಂಡವೊಂದೇ ಸಮಸ್ಯೆಯಲ್ಲವೆಂದು ಅರಿತು, 1992ರಲ್ಲಿ ಇದನ್ನು ಅಯೋಡಿನ್ ಕೊರತೆಯ ರೋಗಗಳ ನಿಯಂತ್ರಣ ಕಾರ್ಯಕ್ರಮವೆಂದು ಕರೆಯಲಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದರ ಮೇಲೆ ಕೇಂದ್ರ ಸರ್ಕಾರ ಹೇರಿದ್ದ ನಿಷೇಧ 2000ದಲ್ಲಿ ರದ್ದಾಗಿ, 2006ರ ಮೇ ತಿಂಗಳಿನಲ್ಲಿ ಮತ್ತೆ ಜಾರಿಗೆ ಬಂದಿತು.

ತರಗತಿಯಲ್ಲಿ

ಬಳಕೆದಾರರ ಕೈಸೇರುವ ಉಪ್ಪಿನಲ್ಲಿ ದಶಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ಅಂದರೆ ಗ್ರಾಮಿಗೆ 15 ಮೈಕ್ರೊಗ್ರಾಂ. ಹಾಗೆಂದು ಅಯೋಡಿನ್ನಿಗಾಗಿ ಉಪ್ಪನ್ನು ಹೆಚ್ಚು ತಿನ್ನಬಾರದು; ಅದರಿಂದ ರಕ್ತದೊತ್ತಡ ಏರೀತು. ಸಮುದ್ರದ ಕಲ್ಲುಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆಂಬ ನಂಬಿಕೆಯೂ ಸರಿಯಲ್ಲ. ಕಡಲ ನೀರು ಒಣಗಿ ಉಪ್ಪು ಹರಳುಗಟ್ಟುವಾಗ ಅಯೋಡಿನ್ನಿನ ಹೆಚ್ಚಿನ ಪಾಲು ಉಳಿದ ನೀರಿನಲ್ಲೇ ನಿಲ್ಲುತ್ತದೆ.

ಆಶಾ ಕಾರ್ಯಕರ್ತೆಯರು ಬಳಸುವ ಪರೀಕ್ಷಾ ಕಿಟ್‌ನ ದ್ರಾವಣವನ್ನು ಒಂದು ಹನಿ ಹಾಕಿದರೆ ಅಯೋಡಿನ್ ಇರುವ ಉಪ್ಪು ನೀಲಿಯಾಗುತ್ತದೆ. ಪಿಷ್ಟದೊಡನೆ ಅಯೋಡಿನ್ ನೀಲಿ ಬಣ್ಣ ಕೊಡುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಅವರು ತಮ್ಮ ಮನೆಯ ಚಿಟಿಕೆ ಉಪ್ಪನ್ನು ತಂದು ಪರೀಕ್ಷಿಸಲಿ. ಮಳೆಗಾಲದ ತೇವಕ್ಕೆ ಅಯೋಡಿನ್ ಕಳೆದುಹೋಗದಂತೆ ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿಡಬೇಕೆಂದು ಮನೆಯವರಿಗೂ ತಿಳಿಸಲಿ. ಹೊಳೆ ಒಯ್ದದ್ದನ್ನು ಹೀಗೆ ಉಪ್ಪಿನ ಮೂಲಕ ಮರಳಿ ಪಡೆಯಬಹುದು.