ಒಡಂಬಡಿಕೆಗೆ ಸಾಕ್ಷಿ ಯಾರು?

ಕೆಲವು ವರುಷಗಳ ಹಿಂದೆ ಕುಡಚಿಯಲ್ಲಿ ರೈಲಿಳಿದು ಹತ್ತಿರದ ಹಳ್ಳಿಯೊಂದಕ್ಕೆ ಹೋಗಿದ್ದೆ. ಅಲ್ಲಿ ಇಬ್ಬರು ರೈತರಿಗೆ ಜಗಳ ಹತ್ತಿತ್ತು. ಬಾಯಿಮಾತಿನ ಮೇಲೆ ನಡೆದ ಎತ್ತಿನ ವ್ಯಾಪಾರ, ಕಾಗದವಿಲ್ಲ, ಕಂಡವರಿಲ್ಲ. ಹಿರಿಯರೊಬ್ಬರು ಚಿಂಚಲಿ ಮಾಯಕ್ಕನ ಭಂಡಾರವನ್ನು ಅಂಗೈಯಲ್ಲಿ ಹಿಡಿದು, “ಇದನ್ನ ಮುಟ್ಟಿ ಹೇಳಪಾ” ಎಂದರು. ಅಲ್ಲಿಯವರೆಗೆ ಜೋರು ಮಾಡುತ್ತಿದ್ದವನು ಕೈ ಹಿಂದೆಗೆದುಕೊಂಡು, “ಬಾಕಿ ಐತ್ರೀ, ಸುಗ್ಗಿಗೆ ಕೊಡ್ತೀನಿ” ಎಂದುಬಿಟ್ಟ.

ಮನುಷ್ಯನ ಮಾತಿಗೆ ದೈವವನ್ನು ಸಾಕ್ಷಿಯಾಗಿಡುವುದು ಈ ಸೀಮೆಗೆ ಹೊಸದಲ್ಲ. ಗೋಕಾಕದ ಬಳಿಯ ಕಲ್ಲೋಳಿಯಲ್ಲಿ 1204ರ ಶಾಸನವಿದೆ. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ ಅಲ್ಲಿನ ಶಾಂತಿನಾಥ ಬಸದಿಗೆ ಭೂಮಿಯನ್ನು ಬಿಟ್ಟುಕೊಟ್ಟ ದಾನಶಾಸನವದು. ಇಂಥ ಕಲ್ಲುಗಳ ತಲೆಯಲ್ಲಿ ಸೂರ್ಯಚಂದ್ರರನ್ನು ಕಡೆಯುವುದು, ಕೊನೆಯಲ್ಲಿ ಅಳುಪಿದವನಿಗೆ ಶಾಪ ಹಾಕುವುದು ಕನ್ನಡ ನಾಡಿನ ವಾಡಿಕೆ. ದಾನವಿತ್ತ ಅರಸನ ಕತ್ತಿ ಅವನ ಆಯುಷ್ಯ ಇರುವವರೆಗೆ ಮಾತ್ರ. ಆ ಬಳಿಕ ಕಾಯಬೇಕಾದುದು ಈ ಭಯವೇ.

ಹೀಬ್ರೂ ಜನರ ಧರ್ಮಗ್ರಂಥವನ್ನು ಓದುವಾಗ ಇವೆಲ್ಲ ನನಗೆ ನೆನಪಾಗುತ್ತವೆ. ಅಲ್ಲಿ ‘ಬೆರೀತ್’ ಎಂಬ ಮಾತೊಂದುಂಟು. ಕನ್ನಡ ಬೈಬಲ್ಲಿನಲ್ಲಿ ಅದು ‘ಒಡಂಬಡಿಕೆ’. ವ್ಯವಹಾರದಲ್ಲಿ ಸವೆದ ಈ ಪದ ಮನುಷ್ಯನಿಗೂ ದೇವರಿಗೂ ನಡುವಣ ಸಂಬಂಧಕ್ಕೆ ಒಪ್ಪಿರುವುದು ಸೋಜಿಗವಲ್ಲ. ಮೂಲದಲ್ಲಿಯೂ ಅದು ವ್ಯವಹಾರದ ಮಾತೇ. ಕ್ರಿ. ಪೂ. 14-13ನೆಯ ಶತಮಾನಗಳಲ್ಲಿ ಹಿಟ್ಟೈಟ್ ದೊರೆಗಳು ಸಾಮಂತರೊಡನೆ ಮಾಡಿಕೊಂಡ ಒಪ್ಪಂದಗಳು ದೊರೆತಿವೆ. ಹಿಂದೆ ಮಾಡಿದ ಉಪಕಾರದ ಸ್ಮರಣೆ, ಕಟ್ಟಳೆಗಳು, ಸಾಕ್ಷಿಯಾಗಿ ದೇವತೆಗಳು, ಕಡೆಗೆ ಆಶೀರ್ವಾದ ಮತ್ತು ಶಾಪ: ಇದೇ ಅವುಗಳ ಕ್ರಮ. ಧರ್ಮೋಪದೇಶಕಾಂಡದಲ್ಲಿಯೂ ಹೆಚ್ಚುಕಡಿಮೆ ಈ ಕ್ರಮವೇ ಕಾಣಬರುತ್ತದೆ.

ಆದರೆ ಒಂದು ಭೇದವುಂಟು. ಇಲ್ಲಿ ದೇವರು ಸಾಕ್ಷಿಯಲ್ಲ, ಸ್ವತಃ ಕರಾರಿನ ಪಕ್ಷಗಾರ. ಹಾಗಾದರೆ ಸಾಕ್ಷಿ ಯಾರು? ಮೋಶೆ ಭೂಮ್ಯಾಕಾಶಗಳನ್ನು ಕರೆಯುತ್ತಾನೆ. ಯೆಹೋಶುವ ಶೆಕೆಮಿನಲ್ಲಿ ಮರದಡಿ ದೊಡ್ಡ ಕಲ್ಲೊಂದನ್ನು ನಿಲ್ಲಿಸಿ, ಈ ಕಲ್ಲು ಎಲ್ಲವನ್ನೂ ಕೇಳಿಸಿಕೊಂಡಿದೆ ಎನ್ನುತ್ತಾನೆ. ನಮ್ಮ ಶಾಸನದ ಕಲ್ಲಿಗೆ ಅದು ದೂರದ ನೆಂಟನಲ್ಲವೆ? ಇನ್ನು ಶಾಪ, ಅದು ಮುಂದೆಂದೋ ಬರುವ ಅನ್ಯರ ಮೇಲಲ್ಲ. ಒಡಂಬಟ್ಟ ಜನರ ತಲೆಯ ಮೇಲೆಯೇ. ಕ್ರಿ. ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟಾಗ, ಶತ್ರುವಿನ ದೇವರು ಬಲಿಷ್ಠನೆಂದು ಆ ಪ್ರವಾದಿಗಳು ಹೇಳಲಿಲ್ಲ. ನಾವೇ ಮಾತು ಮುರಿದೆವು ಎಂದರು.

ಮಾತು ಎಂದರೆ ಏನು? ಬರಿಯ ಬಲಿಪೂಜೆಯೆ? ಯಾಜಕಕಾಂಡದ 19ನೆಯ ಅಧ್ಯಾಯ ಪರಿಶುದ್ಧರಾಗಿರಿ ಎಂದು ಮೊದಲಾಗುತ್ತದೆ. ಮುಂದೆ ನೋಡಿದರೆ ಬಡವರಿಗಾಗಿ ಹೊಲದ ಅಂಚಿನ ಪೈರನ್ನು ಕೊಯ್ಯದೆ ಬಿಡಿ, ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡಿ, ತಕ್ಕಡಿ ಸರಿಯಿರಲಿ ಎಂಬ ವಿಧಿಗಳು! ಕಿವುಡನನ್ನು ಶಪಿಸಬೇಡ, ಕುರುಡನ ದಾರಿಯಲ್ಲಿ ಅಡ್ಡಿಯಿಡಬೇಡ, ನಿನ್ನ ದೇವರಿಗೆ ಭಯಪಡು ಎಂದೂ ಇದೆ. ಕಿವುಡನಿಗೆ ಕೇಳಿಸದು, ಕುರುಡನಿಗೆ ಕಾಣದು. ದೂರು ಕೊಡುವವರಿಲ್ಲದ ಕಡೆಯಲ್ಲಿಯೇ ದೈವಭಯದ ಮಾತು ಬಂದಿರುವುದನ್ನು ಗಮನಿಸಬೇಕು.

ಆ ರೈತ ಭಂಡಾರ ಕಂಡಾಗ ನಿಜ ನುಡಿದ. ಭಂಡಾರ ಎದುರಿಗಿಲ್ಲದ ದಿನದ ನಡತೆಯನ್ನು ಕೇಳುತ್ತದೆ ಹೀಬ್ರೂ ಒಡಂಬಡಿಕೆ. ಸ್ಟಾಂಪು ಕಾಗದವನ್ನೇ ನೆಚ್ಚಿಕೊಂಡ ಪಟ್ಟಣಿಗರಾದ ನಮಗೂ ಆ ಪ್ರಶ್ನೆ ತಪ್ಪಿದ್ದಲ್ಲ. ಮನೆಗೆಲಸದವಳ ಸಂಬಳವನ್ನು ನಾಳೆ ಕೊಡೋಣವೆಂದು ಮುಂದೂಡುವಾಗ ಆ ಹಿರಿಯರ ಅಂಗೈ ನನ್ನ ಕಣ್ಣಮುಂದೆ ಬರುತ್ತದೆ.